ಬಡ್ತಿಯ ಪತ್ರ ಬಂದ ಮೇಲೆ ಕೆಟ್ಟ ನಿದ್ರೆ: ಒಂದು ಆಪ್ತಸಲಹೆ ಪ್ರಕರಣ

ಮೊಬೈಲ್ ಮೂಲಕ ಪಾವತಿ, ಸಾಲದ ಸೇವೆ ಕೊಡುವ ಬೆಂಗಳೂರಿನ ಫಿನ್‌ಟೆಕ್ ಕಂಪನಿಗಳ ಹಿರಿಯ ಹುದ್ದೆಗಳಲ್ಲಿರುವ, ನಲವತ್ತು ದಾಟಿದ ಮಹಿಳೆಯರು ನನ್ನ ಬಳಿಗೆ ತರುವ ದೂರುಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿದೆ. ಸಂಬಳ ಏರಿದೆ, ಹುದ್ದೆಯ ಹೆಸರು ದೊಡ್ಡದಾಗಿದೆ, ಮನೆಯವರು ಸಿಹಿ ಹಂಚಿದ್ದಾರೆ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಕಣ್ಣು ಮುಚ್ಚುವುದಿಲ್ಲ. ಒಳ್ಳೆಯದು ನಡೆದಾಗಲೂ ಸಂತೋಷಪಡಲಾಗದ ತಮ್ಮ ಮನಸ್ಸಿಗೇ ಏನೋ ಕೆಟ್ಟಿದೆ ಎಂದು ಅವರು ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಅವರಲ್ಲೊಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ದುಃಖವನ್ನು ರೋಗವೆಂದು ಕರೆದು ಸುಮ್ಮನಾಗಿಸುವ ಅಭ್ಯಾಸ ಮನೆಗಳಲ್ಲಿಯೂ ನಮ್ಮ ವೃತ್ತಿಯಲ್ಲಿಯೂ ಬೆಳೆಯುತ್ತಿರುವುದು ನನ್ನನ್ನು ಬಹಳವಾಗಿ ಕಾಡಿದೆ.

ಹಿನ್ನೆಲೆ ಇಷ್ಟು. ಅವರು ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸೇರಿ, ಉತ್ತರ ಕರ್ನಾಟಕದ ಹೋಬಳಿ ಕೇಂದ್ರದ ಶಾಖೆಯಿಂದ ವೃತ್ತಿಯನ್ನು ಆರಂಭಿಸಿದವರು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ನವೆಂಬರ್‌ನಲ್ಲಿ ನೋಟು ರದ್ದತಿಯಾಯಿತು. ಅದರ ಬೆನ್ನಿಗೇ ಅವರು ಬ್ಯಾಂಕು ಬಿಟ್ಟು ಪಾವತಿ ಕಂಪನಿಯೊಂದನ್ನು ಸೇರಿದರು. ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ ಎಂಬ ನಿಯಮ 2020ರ ಜನವರಿಯಲ್ಲಿ ಜಾರಿಯಾದ ಮೇಲೆ ಇಂಥ ಕಂಪನಿಗಳಿಗೆ ಅಂಗಡಿಯ ಮುಂದಿನ ಕ್ಯೂಆರ್ ಫಲಕದಿಂದ ನೇರ ಆದಾಯ ಇಲ್ಲದಾಯಿತು, ಆದಾಯಕ್ಕಾಗಿ ಸಾಲದಂಥ ಬೇರೆ ದಾರಿಗಳನ್ನು ಹುಡುಕಬೇಕಾಯಿತು. ಅಂಗಡಿಗೆ ದಿನವೂ ಕ್ಯೂಆರ್ ಮೂಲಕ ಬರುವ ಹಣವನ್ನು ನೋಡಿಕೊಂಡು ಅಡಮಾನವಿಲ್ಲದೆ ಸಣ್ಣ ಸಾಲ ಕೊಡುವ ವಿಭಾಗವನ್ನು ಕಟ್ಟಿದವರು ಇವರೇ. ಪತಿ ಬೇರೊಂದು ಕಂಪನಿಯಲ್ಲಿ ಎಂಜಿನಿಯರ್, ಮಗಳು ಪಿಯುಸಿ ಓದುತ್ತಿದ್ದಾಳೆ.

2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಅಡಮಾನವಿಲ್ಲದ ಗ್ರಾಹಕ ಸಾಲಗಳ ರಿಸ್ಕ್ ವೆಯ್ಟ್ ಅನ್ನು ಶೇಕಡಾ 100ರಿಂದ 125ಕ್ಕೆ ಏರಿಸಿತು, ಅಂದರೆ ಅಂಥ ಸಾಲ ಕೊಡುವವರು ಅದರ ಎದುರು ಹೆಚ್ಚು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕಾಯಿತು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಬ್ಯಾಂಕುಗಳು ಕೊಡುವ ಸಾಲದ ಮೇಲೂ ಬಿಗಿ ಬಂತು. ಎಲ್ಲ ಕಡೆ ನಿಯಮಪಾಲನೆಯ ಭಯ ಹುಟ್ಟಿದ ಆ ತಿಂಗಳುಗಳಲ್ಲಿ ಕಂಪನಿಯವರು ಇವರನ್ನು ಕರೆದು, ಚೀಫ್ ಕಂಪ್ಲಯನ್ಸ್ ಆಫೀಸರ್, ಅಂದರೆ ಕಂಪನಿ ನಿಯಮಗಳನ್ನು ಪಾಲಿಸುತ್ತಿದೆಯೇ ಎಂದು ನೋಡಿಕೊಳ್ಳುವ ಮುಖ್ಯ ಅಧಿಕಾರಿಯ ಹುದ್ದೆಯನ್ನು ಕೊಡುವುದಾಗಿಯೂ, ಸಾಲದ ವಿಭಾಗಕ್ಕೆ ಹೊರಗಿನಿಂದ ಒಬ್ಬರನ್ನು ತರುವುದಾಗಿಯೂ ತಿಳಿಸಿದರು. ನಿಮ್ಮಷ್ಟು ನಂಬಿಕಸ್ಥರು ಇನ್ನಾರಿದ್ದಾರೆ ಎಂದೂ ಹೇಳಿದರು. ಆ ವಾರದಿಂದ ಅವರ ನಿದ್ರೆ ಕೆಟ್ಟಿತು.

ಇಂಥ ಸಂದರ್ಭದಲ್ಲಿ ನಾನು ಮೊದಲು ದೇಹವನ್ನು ವಿಚಾರಿಸುತ್ತೇನೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು, ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಬದಲಾವಣೆಗಳ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕಾಣಲು ಹೇಳಿದೆ. ಬದುಕು ಬೇಡವೆನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಥೈರಾಯ್ಡ್ ಸ್ವಲ್ಪ ಏರುಪೇರಾಗಿತ್ತು, ಅದಕ್ಕೆ ಮಾತ್ರೆ ಶುರುವಾಯಿತು. ಮೊದಲ ಭೇಟಿಗಳಲ್ಲಿ ಅವರು ಮಾತಾಡಿದ್ದೆಲ್ಲ ತಮ್ಮನ್ನು ತಾವೇ ಬೈದುಕೊಳ್ಳುವ ಮಾತು. ಅತ್ತೆಯವರು ದೇವರಿಗೆ ತುಪ್ಪದ ದೀಪ ಹಚ್ಚಿಸಿದ್ದಾರೆ, ನಾನು ಮಾತ್ರ ಮುಖ ಗಂಟು ಹಾಕಿಕೊಂಡು ಕೂತಿದ್ದೇನೆ, ನನಗೆ ಕೃತಜ್ಞತೆಯೇ ಇಲ್ಲವೇನೋ ಎಂದು.

ಪ್ರಕರಣ ತಿರುಗಿದ್ದು ಮೂರನೆಯ ಭೇಟಿಯಲ್ಲಿ. ಹೊಸ ಹುದ್ದೆಯ ವಿಷಯವನ್ನು ಬದಿಗಿಟ್ಟು, ನೀವು ಮಂಜೂರು ಮಾಡಿದ ಸಾಲಗಳಲ್ಲಿ ಈಗಲೂ ನೆನಪಿರುವುದು ಯಾವುದು ಎಂದು ಕೇಳಿದೆ. ಅವರು ಹೆಚ್ಚು ಯೋಚಿಸಲಿಲ್ಲ. ಮೊದಲ ಶಾಖೆಯಲ್ಲಿದ್ದಾಗ ರವಿಕೆ ಹೊಲಿಯುವ ಒಬ್ಬ ಹೆಂಗಸು ಪಿಕೊ ಮಷಿನ್ ಕೊಳ್ಳಲು ಸಾಲ ಕೇಳಿಕೊಂಡು ಬಂದಿದ್ದಳಂತೆ. ಜಮೀನಿಲ್ಲ, ಜಾಮೀನಿಗೆ ಸಹಿ ಹಾಕುವ ಗಂಡ ಊರಲ್ಲಿಲ್ಲ, ತೋರಿಸಲು ಒಂದು ರಸೀದಿಯೂ ಇಲ್ಲ. ಅರ್ಜಿಯನ್ನು ವಾಪಸು ಕೊಡಬೇಕೆಂದಿದ್ದಾಗ ಆಕೆ ಸೆರಗಿನಡಿಯಿಂದ ಅಳತೆ ಬರೆದಿಡುವ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟಳು. ಪುಟಕ್ಕೊಬ್ಬರ ಹೆಸರು, ಎದೆ, ಸೊಂಟ, ತೋಳಿನ ಅಳತೆ, ಕೆಳಗೆ ಕೊಟ್ಟ ದಿನ ಮತ್ತು ಬಂದ ದುಡ್ಡು. ದುಡ್ಡು ಬಂದ ಕಡೆ ಪೆನ್ಸಿಲಿನಲ್ಲಿ ಅಡ್ಡಗೆರೆ. ಆ ಪುಸ್ತಕವನ್ನು ಊಟದ ಹೊತ್ತಿನಲ್ಲಿ ಕೂತು ತಿಂಗಳುವಾರು ಕೂಡಿ ನೋಡಿ, ಮದುವೆಯ ತಿಂಗಳುಗಳಲ್ಲಿ ಎಷ್ಟು, ಆಷಾಢದಲ್ಲಿ ಎಷ್ಟು ಎಂದು ಲೆಕ್ಕ ತೆಗೆದು, ಇವರು ತಮ್ಮ ಅಧಿಕಾರದ ಮಿತಿಯೊಳಗೆ ಸಾಲ ಮಂಜೂರು ಮಾಡಿದರು. ಮ್ಯಾನೇಜರ್ ಸಿಟ್ಟಾದರು. ಕಂತುಗಳು ತಪ್ಪದೆ ಬಂದವು.

"ಕ್ಯೂಆರ್ ನೋಡಿ ಸಾಲ ಕೊಡೋದು ಅಂದ್ರೆ ಅದೇ ಅಳತೆ ಪುಸ್ತಕ ಮೇಡಂ," ಎಂದರು. ಮಾತು ಅಲ್ಲಿಗೆ ನಿಂತಿತು. ನಾನೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಇಷ್ಟು ವರ್ಷ 'ಹೌದು, ನಿನಗೆ ಸಾಲ ಕೊಡಬಹುದು' ಅನ್ನೋಕೆ ದಾರಿ ಹುಡುಕೋದೇ ನನ್ನ ಕೆಲಸ ಆಗಿತ್ತು. ಇನ್ಮೇಲೆ 'ಹೌದು' ಅನ್ನೋದು ಇನ್ನೊಬ್ಬರು. ನಾನು 'ಬೇಡ' ಅನ್ನೋಳು. ಮನೇಲೂ ಅಷ್ಟೇ. ಮಗಳು ಫೋನ್ ಕೇಳಿದ್ರೆ, ಟ್ರಿಪ್ ಕೇಳಿದ್ರೆ ಬೇಡ ಅನ್ನೋಳು ನಾನು, ಹೋಗಿ ಬಾ ಅನ್ನೋರು ಅವರಪ್ಪ. ಎಲ್ಲ ಕಡೆ ಬಾಗಿಲು ಕಾಯೋಕೆ ನಾನೇ ಬೇಕಾ?"

ಆ ಮಾತು ಬಂದ ಮೇಲೆ ಅವರು ಅತ್ತರು. ಮೊದಲಿನ ಭೇಟಿಗಳಲ್ಲಿ ಅತ್ತಂತೆ ನಾಚಿಕೊಂಡು ಅಳಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿಯೇ ಹೇಳಬೇಕು. ಈ ಮಹಿಳೆಯ ದುಃಖದಲ್ಲಿ ಕೊರತೆಯೇನೂ ಇರಲಿಲ್ಲ. ಕಂಪನಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವರ ಮನಸ್ಸು ಸರಿಯಾಗಿಯೇ ಓದಿತ್ತು, ಬುದ್ಧಿ ಅದನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತಿತ್ತು. ಸಾಲದಿಂದಲೇ ಬದುಕುವ ಕಂಪನಿಯಲ್ಲಿ ಯಾರಿಗೆ ಸಾಲ, ಯಾವ ದರಕ್ಕೆ, ಎಷ್ಟು ಎಂಬುದನ್ನು ನಿರ್ಧರಿಸುವ ಕುರ್ಚಿಯೇ ಮುಂದೆ ಮುಖ್ಯಸ್ಥರಾಗುವವರ ಕುರ್ಚಿ. ಲಾಭನಷ್ಟದ ಹೊಣೆ ಹೊತ್ತು ತೋರಿಸಿದವರನ್ನೇ ಆಡಳಿತ ಮಂಡಳಿ ನಾಳೆ ಮೇಲಕ್ಕೆ ಕರೆಯುತ್ತದೆ. ನಂಬಿಕಸ್ಥೆ, ಅಚ್ಚುಕಟ್ಟು, ಕಷ್ಟದ ಕಾಲದಲ್ಲಿ ಕೈಬಿಡುವವಳಲ್ಲ ಎಂಬ ಹೊಗಳಿಕೆಯೊಂದಿಗೆ ಮಹಿಳೆಯರನ್ನು ಆ ಕುರ್ಚಿಯಿಂದ ಪಕ್ಕಕ್ಕೆ ಸರಿಸಿದಾಗ ಅದು ಬಡ್ತಿಯಂತೆಯೇ ಕಾಣುತ್ತದೆ. 1955ರಲ್ಲಿ ರೂಪುಗೊಂಡ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಅರುಂಧತಿ ಭಟ್ಟಾಚಾರ್ಯ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಬಂದದ್ದು 2013ರಲ್ಲಿ. ಷೇರುಪೇಟೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಸೆಬಿಗೆ ಮಹಿಳೆಯೊಬ್ಬರು ಮುಖ್ಯಸ್ಥೆಯಾಗಲು 2022ರವರೆಗೆ ಕಾಯಬೇಕಾಯಿತು. ಅರ್ಹರು ಅದಕ್ಕೂ ಮುಂಚೆ ಇರಲಿಲ್ಲವೆಂದು ನಾನು ನಂಬುವುದಿಲ್ಲ.

ಹಾಗೆಂದು ನಿಯಮಪಾಲನೆಯ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಆ್ಯಪ್ ಸಾಲಗಳ ವಸೂಲಿಗಾರರು ಫೋನಿನಲ್ಲಿದ್ದ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮರ್ಯಾದೆ ಕಳೆದ ಕುಟುಂಬಗಳನ್ನು ನಾನು ಕಂಡಿದ್ದೇನೆ. ಬೇಡ ಎಂದು ಗಟ್ಟಿಯಾಗಿ ಹೇಳುವವರು ಕಂಪನಿಯೊಳಗೆ ಬೇಕೇ ಬೇಕು. ಆದ್ದರಿಂದಲೇ ಅವರಿಗೆ ನಾನು ಕೊಟ್ಟ ಸಲಹೆ, ಹುದ್ದೆಯನ್ನು ಒಪ್ಪಿಕೊಳ್ಳಿ ಎಂದಾಗಲಿ ಬಿಡಿ ಎಂದಾಗಲಿ ಇರಲಿಲ್ಲ. ನಿದ್ರೆಯಿಲ್ಲದ ವಾರಗಳಲ್ಲಿ ರಾಜೀನಾಮೆಯನ್ನೂ ಕೊಡಬೇಡಿ, ಒಪ್ಪಿಗೆಯನ್ನೂ ಕೊಡಬೇಡಿ ಎಂಬುದು ಮೊದಲ ಮಾತು. ಎರಡನೆಯದಾಗಿ, ಆ ಹುದ್ದೆ ನಿಜವಾದ ಅಧಿಕಾರವೋ ಬರಿಯ ಫಲಕವೋ ಎಂಬುದನ್ನು ನಿಮ್ಮ ವೃತ್ತಿಯ ಅಳತೆಗೋಲಿನಿಂದಲೇ ಪರೀಕ್ಷಿಸಿ ಎಂದೆ.

ಅಳತೆಗೋಲು ಅವರ ಕೈಯಲ್ಲೇ ಇತ್ತು. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ದೊಡ್ಡ ಬ್ಯಾಂಕೇತರ ಕಂಪನಿಗಳ ಚೀಫ್ ಕಂಪ್ಲಯನ್ಸ್ ಆಫೀಸರ್‌ಗೆ ಕನಿಷ್ಠ ಮೂರು ವರ್ಷಗಳ ಅವಧಿ ಇರಬೇಕು. ಆಡಳಿತ ಮಂಡಳಿಯ ಪೂರ್ವಾನುಮತಿಯಿಲ್ಲದೆ ನಡುವೆ ತೆಗೆಯುವಂತಿಲ್ಲ. ವ್ಯವಹಾರದ ಗುರಿಗಳನ್ನು ಹೊರಿಸುವಂತಿಲ್ಲ. ಆ ಅಧಿಕಾರಿ ವ್ಯವಸ್ಥಾಪಕ ನಿರ್ದೇಶಕರಿಗೆ ವರದಿ ಮಾಡುವುದಾದರೆ, ಮೂರು ತಿಂಗಳಿಗೊಮ್ಮೆ ಆ ನಿರ್ದೇಶಕರೂ ಇಲ್ಲದ ಕೋಣೆಯಲ್ಲಿ ಮಂಡಳಿ ಅವರನ್ನು ಒಬ್ಬರನ್ನೇ ಕಂಡು ಮಾತಾಡಬೇಕು. ಇದನ್ನೆಲ್ಲ ನನಗೆ ವಿವರಿಸಿದವರು ಅವರೇ, ಸುತ್ತೋಲೆ ಬಾಯಿಪಾಠವಾದವರಂತೆ. ಆದರೆ ತಮಗೆ ಬಂದ ಪತ್ರವನ್ನು ಆ ನಿಯಮಗಳ ಎದುರು ಇಟ್ಟು ನೋಡಿರಲಿಲ್ಲ. ಹೊಗಳಿದವರನ್ನು ಪ್ರಶ್ನಿಸುವುದು ಸಣ್ಣತನವೆಂದು ಅವರಿಗೆ ತೋರಿತ್ತು. ಇದೇ ಪತ್ರ ನಿಮ್ಮ ಬಳಿ ಸಾಲದ ಅರ್ಜಿಯಾಗಿ ಬಂದಿದ್ದರೆ ಯಾವ ಕಾಗದ ಕೇಳುತ್ತಿದ್ದಿರಿ, ಅದನ್ನೇ ಬರೆದು ಕೇಳಿ ಎಂದೆ. ಅದರ ಜೊತೆಗೆ, ಹೊಸ ಸಾಲ ಯೋಜನೆಗಳನ್ನು ತೀರ್ಮಾನಿಸುವ ಸಮಿತಿಯಲ್ಲಿ ತಮ್ಮ ಆಕ್ಷೇಪ ದಾಖಲಾಗುತ್ತದೆಯೇ ಎಂಬುದನ್ನೂ, ತಾವು ಕಟ್ಟಿದ ಅಂಗಡಿ ಸಾಲದ ವಿಭಾಗ ಉಳಿಯುತ್ತದೆಯೇ ಎಂಬುದನ್ನೂ ಕೇಳಲು ಹೇಳಿದೆ.

ಮೂರನೆಯದು ಹಣದ ಮಾತು. ಕಂಪನಿಯ ಷೇರು ಆಯ್ಕೆಗಳು (ಈಸಾಪ್), ಅಂದರೆ ನಿಗದಿಯಾದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕುಗಳು, ಅವರ ಹೆಸರಿನಲ್ಲಿ ಸಾಕಷ್ಟಿದ್ದವು, ಕೆಲಸ ಬಿಟ್ಟರೆ ಅವೆಲ್ಲ ಕೈತಪ್ಪುತ್ತವೆಂಬ ಭಯ ಪ್ರತಿ ಭೇಟಿಯಲ್ಲೂ ಇಣುಕುತ್ತಿತ್ತು. ಆಯ್ಕೆಯನ್ನು ಚಲಾಯಿಸಿ ಷೇರು ಪಡೆದಾಗ, ಕೊಟ್ಟ ಬೆಲೆಗೂ ಮಾರುಕಟ್ಟೆ ಮೌಲ್ಯಕ್ಕೂ ಇರುವ ವ್ಯತ್ಯಾಸವನ್ನು ಸಂಬಳದ ಭಾಗವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಷೇರುಪೇಟೆಗೆ ಬಾರದ ಕಂಪನಿಯ ಷೇರನ್ನು ಮಾರಿ ಆ ತೆರಿಗೆ ಕಟ್ಟುವುದು ಸುಲಭವಲ್ಲ. ಹೀಗಿರುವಾಗ ಭಯವನ್ನು ನನ್ನೊಡನೆ ಮಾತಾಡಿ ಕರಗಿಸಲಾಗದು. ಚಾರ್ಟರ್ಡ್ ಅಕೌಂಟೆಂಟರ ಬಳಿ ಹೋಗಿ, ಉಳಿದರೆ ಎಷ್ಟು, ಹೋದರೆ ಎಷ್ಟು, ಎಂದಿನೊಳಗೆ ಎಂಬ ಅಂಕಿಯನ್ನು ಬರೆಸಿಕೊಂಡು ಬನ್ನಿ ಎಂದು ಕಳಿಸಿದೆ. ಅಂಕಿ ಕೈಗೆ ಬಂದ ಮೇಲೆ ಭಯ ಪೂರ್ತಿ ಹೋಗಲಿಲ್ಲ, ಆದರೆ ಎಲ್ಲ ಮಾತಿನೊಳಗೂ ನುಗ್ಗುವುದು ನಿಂತಿತು.

ಆಪ್ತಸಲಹೆಗಾರರು ಉದ್ಯೋಗದ ವಿಷಯದಲ್ಲಿ ಇಷ್ಟು ಇಳಿಯಬಾರದು, ಭಾವನೆಗಳಿಗೆ ಕನ್ನಡಿ ಹಿಡಿದರೆ ಸಾಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಎಚ್ಚರವನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ದುಃಖದ ಕಾರಣ ಕಚೇರಿಯ ಕಾಗದದಲ್ಲಿರುವಾಗ ಉಸಿರಾಟದ ವ್ಯಾಯಾಮವನ್ನಷ್ಟೇ ಕಲಿಸಿ ಕಳಿಸುವುದೆಂದರೆ, ಆ ಕಾಗದ ಸರಿಯಾಗಿದೆ, ನೀವೇ ಸರಿಯಿಲ್ಲ ಎಂದು ನಾವೂ ಹೇಳಿದಂತೆ. ಎಷ್ಟೋ ಮಹಿಳೆಯರು ಅದೇ ಮಾತನ್ನು ಮನೆಯಲ್ಲಿ, ಕಚೇರಿಯಲ್ಲಿ ಕೇಳಿಯೇ ನಮ್ಮ ಬಾಗಿಲಿಗೆ ಬಂದಿರುತ್ತಾರೆ. ಮೂರನೆಯ ಕಡೆಯಿಂದಲೂ ಅದನ್ನೇ ಕೇಳುವಂತಾಗಬಾರದು.

ಅವರು ಪ್ರಶ್ನೆಗಳನ್ನು ಬರೆದು ಕಳಿಸಿದರು. ಅವಧಿ, ಮಂಡಳಿಯ ಭೇಟಿ ಇತ್ಯಾದಿಗಳಿಗೆ ನಿಯಮದಂತೆ ಎಂಬ ಉತ್ತರ ಬಂತು. ಅಂಗಡಿ ಸಾಲದ ವಿಭಾಗವನ್ನು ದೊಡ್ಡ ಮೊತ್ತದ ವೈಯಕ್ತಿಕ ಸಾಲದೊಡನೆ ವಿಲೀನಗೊಳಿಸುವ ಯೋಚನೆಯಿದೆ ಎಂಬುದು ಆಗ ಹೊರಬಿತ್ತು. ಅವರು ಹೊಸ ಹುದ್ದೆಯನ್ನು ವಿನಯದಿಂದ ಬೇಡವೆಂದು, ಅಂಗಡಿ ಸಾಲವನ್ನು ಪ್ರತ್ಯೇಕವಾಗಿ ನಡೆಸಿಕೊಡುವುದಾಗಿ ಪ್ರಸ್ತಾವ ಕೊಟ್ಟರು. ಮಂಡಳಿ ಒಂದು ವರ್ಷಕ್ಕೆ ಒಪ್ಪಿದೆ. ಮುಂದೇನೆಂದು ಯಾರೂ ಹೇಳಿಲ್ಲ. ಅವರಿಗೆ ಬರಬೇಕಿದ್ದ ಸಂಬಳದ ಏರಿಕೆ ತಪ್ಪಿತು.

ಪತಿಯೂ ಒಂದು ಭೇಟಿಗೆ ಬಂದಿದ್ದರು. ಮನೆಗೆ ಬಂದ ಲಕ್ಷ್ಮಿಯನ್ನು ಒದ್ದಂತಾಯಿತಲ್ಲ ಎಂದು ಅವರಿಗೆ ನಿಜಕ್ಕೂ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮಗಳ ಕಾಲೇಜು ಶುಲ್ಕದ ಲೆಕ್ಕವನ್ನು ಇಬ್ಬರೂ ನನ್ನೆದುರೇ ಹೊಸದಾಗಿ ಹಾಕಿದರು. ಕಾರು ಬದಲಿಸುವುದು ಮುಂದಕ್ಕೆ ಹೋಯಿತು. ಮನೆಯಲ್ಲಿ ಬೇಡ ಎನ್ನುವ ಪಾಲು ಯಾರದ್ದು ಎಂಬ ಮಾತನ್ನು ಪತ್ನಿಯ ಬಾಯಿಂದ ಅವರು ಕೇಳಿದ್ದು ಅದೇ ಮೊದಲು. ಮಗಳ ಫೋನಿನ ವಿಷಯವನ್ನು ಇನ್ನು ತಾವೇ ನೋಡಿಕೊಳ್ಳುವುದಾಗಿ ಒಪ್ಪಿದ್ದಾರೆ. ಅದು ಹೇಗೆ ನಡೆಯುತ್ತಿದೆ ಎಂದು ಮುಂದಿನ ಭೇಟಿಯಲ್ಲಿ ಕೇಳಬೇಕಿದೆ.