3400ರ ಪೀಕ್: ಮಳೆಗಾಲದ ಕಾಟ

ಚಿಕ್ಕಮಗಳೂರಿನ ನಿಮ್ಮ ಲ್ಯಾಬಿನಲ್ಲಿ ಮಳೆ ಶುರುವಾದಾಗಿನಿಂದ ಯಾವ ಸ್ಯಾಂಪಲ್ ಇಟ್ಟರೂ 3400ರ (ಅಳತೆ cm⁻¹ನಲ್ಲಿ) ಹತ್ತಿರ ಅಗಲವಾದ ಪೀಕ್ ಬರುತ್ತಿದೆ, ಎಫ್‌ಟಿಐಆರ್ (ಸ್ಯಾಂಪಲ್ ಯಾವ ಅವಕೆಂಪು ಕಿರಣಗಳನ್ನು ಹೀರುತ್ತದೆ ಅಂತ ಅಳೆಯುವ ಯಂತ್ರ) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೇನೋ ಯಂತ್ರದ ಮೇಲೆ ಅನುಮಾನ ಇಲ್ಲ. 1640ರ ಹತ್ತಿರವೂ ಒಂದು ಪೀಕ್ ಇದೆಯಾ ನೋಡಿ. ಎರಡೂ ಇದ್ದರೆ ಅದು ಹೆಚ್ಚುಕಡಿಮೆ ನೀರೇ. ಸ್ಯಾಂಪಲ್ ಬೆರೆಸಿ ಬಿಲ್ಲೆ ಒತ್ತಲು ಬಳಸುವ ಪೊಟ್ಯಾಸಿಯಂ ಬ್ರೋಮೈಡ್ ಪುಡಿ ಅಡುಗೆಮನೆಯ ಕಲ್ಲುಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ.

ಪುಡಿಯನ್ನು 110 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರ್‌ನಲ್ಲೇ (ಒಳಗೆ ತೇವ ಸೇರದ ಹಾಗೆ ಮುಚ್ಚಿದ ಪಾತ್ರೆ) ತಣಿಯಲು ಬಿಡಿ. ಅರೆಯುವುದನ್ನು ಬೇಗ ಮುಗಿಸಿ. ಹೊರಗಿನ ಗಾಳಿಯಲ್ಲಿ ಸುಮ್ನೆ ತಿಕ್ಕುತ್ತಾ ಕೂತಷ್ಟೂ ತೇವ ಜಾಸ್ತಿ. ಆಮೇಲೆ ಸ್ಯಾಂಪಲ್ ಬೆರೆಸದ ಖಾಲಿ ಬಿಲ್ಲೆಯೊಂದನ್ನು ಒತ್ತಿ ಸ್ಕ್ಯಾನ್ ಮಾಡಿ. ಅದರಲ್ಲೂ ಪೀಕ್ ಬಂದರೆ ಪುಡಿ ಇನ್ನೂ ಒಣಗಿಲ್ಲ. ಬರದಿದ್ದರೆ ನಿಮ್ಮ ಸ್ಯಾಂಪಲ್ಲಿನಲ್ಲೇ ನೀರೋ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪೋ ಇದೆ ಅಂತ ಲೆಕ್ಕ.

ಯಂತ್ರದ ಬಗ್ಗೆ ಒಂದೇ ಎಚ್ಚರಿಕೆ. ಒಳಗೆ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ನಿಂತ ಕನ್ನಡಿಗೂ ಇನ್ನೊಂದನ್ನು ಹಿಂದೆಮುಂದೆ ಓಡಾಡುವ ಕನ್ನಡಿಗೂ ಕಳಿಸುವ ಬೀಮ್‌ಸ್ಪ್ಲಿಟರ್ ಇರುತ್ತದಲ್ವಾ, ಬಹಳಷ್ಟು ಯಂತ್ರಗಳಲ್ಲಿ ಅದೂ ಪೊಟ್ಯಾಸಿಯಂ ಬ್ರೋಮೈಡಿನದ್ದೇ. ತೇವ ಹಿಡಿದರೆ ಮಂಜು ಕವಿದು ಸಿಗ್ನಲ್ ಬೀಳುತ್ತದೆ. ಬದಲಿಸಲು ದುಡ್ಡು ಸಿಕ್ಕಾಪಟ್ಟೆ. ಒಳಗಿನ ತೇವ ಹೀರುವ ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ ಇವತ್ತೇ ಬದಲಿಸಿ, ಮಳೆಗಾಲ ಮುಗಿಯುವವರೆಗೆ ಯಂತ್ರ ಆಫ್ ಮಾಡಬೇಡಿ.