ದಾರಿ ತಪ್ಪಿದ್ದು ಡ್ರೈವರ್ ಒಬ್ಬನೇ ಅಲ್ಲ

ಶಿರಸಿ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಮೊದಲ ಮಹಾಯುದ್ಧದ ಪಾಠ ನಡೆದಿತ್ತು. ಒಬ್ಬ ಹುಡುಗಿ ಎದ್ದು ನಿಂತು, ಒಬ್ಬ ರಾಜಕುಮಾರ ಸತ್ತಿದ್ದಕ್ಕೆ ಇಷ್ಟೆಲ್ಲ ದೇಶ ಯಾಕೆ ಹೊಡೆದಾಡಬೇಕಿತ್ತು ಸಾರ್ ಅಂದಳು. ಗೈಡಿನಲ್ಲಿದ್ದ ನಾಲ್ಕು ಕಾರಣ ಹೇಳಿ ಕೂರಿಸಿದೆ. ನನಗೇ ಸಮಾಧಾನ ಆಗಲಿಲ್ಲ. ಇನ್ನೊಂದು ಮಾತು. ಯುದ್ಧ ಮುಗಿದ ಮೇಲೆ ಸೋತ ಜರ್ಮನಿ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದವೇ ಹಿಟ್ಲರನನ್ನು ಹುಟ್ಟಿಸಿತು ಎಂದು ಬರೆದರೆ ಪೂರ್ತಿ ಅಂಕ ಕೊಡುತ್ತೇವೆ. ಕೊಡಬಹುದಾ?’

ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ಹೇಳಿಬಿಡಿ. ನಾಲ್ಕು ಕಾರಣ ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿ ಮನುಷ್ಯರೇ ಇರುವುದಿಲ್ಲ ನೋಡಿ.

1914ರ ಜೂನ್ 28, ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಬೋಸ್ನಿಯಾದ ಸರಾಯೆವೊ ನಗರ. ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮೇಲೆ ಬೆಳಗ್ಗೆಯೇ ಒಬ್ಬ ಬಾಂಬ್ ಎಸೆದ. ಅದು ಗುರಿ ತಪ್ಪಿ ಹಿಂದಿನ ಕಾರಿನವರಿಗೆ ಗಾಯವಾಯಿತು. ಗಾಯಗೊಂಡವರನ್ನು ಆಸ್ಪತ್ರೆಯಲ್ಲಿ ನೋಡಿ ಬರೋಣ ಎಂದು ಯುವರಾಜ ಹೊರಟ. ಹೋಗುವ ದಾರಿ ಬದಲಾಯಿತು, ಅದನ್ನು ಡ್ರೈವರ್‌ಗೆ ಮಾತ್ರ ಯಾರೂ ಹೇಳಲಿಲ್ಲ! ಅವನು ಹಳೇ ದಾರಿಗೇ ತಿರುಗಿಸಿದ. ‘ಈ ಕಡೆ ಅಲ್ಲ’ ಎಂದಾಗ ಬ್ರೇಕ್ ಹಾಕಿದ. ಕಾರು ನಿಂತ ಜಾಗದಿಂದ ನಾಲ್ಕು ಹೆಜ್ಜೆಯಲ್ಲೇ ಗವ್ರಿಲೊ ಪ್ರಿನ್ಸಿಪ್ ಇದ್ದ, 19 ವರ್ಷದ ಬೋಸ್ನಿಯಾದ ಸರ್ಬ್ ಹುಡುಗ. ಎರಡು ಗುಂಡಿಗೆ ಯುವರಾಜನೂ ಹೆಂಡತಿ ಸೋಫಿಯೂ ಹೋದರು.

ಕಥೆ ಹೇಳುವವರಿಗೆ ಇದು ಬಲು ಇಷ್ಟ. ನನಗೆ ಮಾತ್ರ ಮುಂದಿನ 37 ದಿನಗಳೇ ಮುಖ್ಯ. ಬ್ರಿಟನ್ ಯುದ್ಧಕ್ಕಿಳಿದದ್ದು ಆಗಸ್ಟ್ 4ಕ್ಕೆ. ಅಷ್ಟು ದಿನ ಏನಾಯಿತು? ‘ನೀವೇನೇ ಮಾಡಿ, ನಾವಿದ್ದೇವೆ’ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟು ಜರ್ಮನಿಯ ಕೈಸರ್, ಅಂದರೆ ಚಕ್ರವರ್ತಿ, ನಾರ್ವೆ ಕಡೆಗೆ ಹಡಗಿನಲ್ಲಿ ರಜೆಗೆ ಹೋದ. ಕೊಲೆಯ ಹಿಂದೆ ನೆರೆಯ ಸರ್ಬಿಯಾದ ಕೈ ಇದೆ ಎಂದು ಆಸ್ಟ್ರಿಯಾ ಅದಕ್ಕೆ ಷರತ್ತುಗಳ ಪಟ್ಟಿ ಕಳಿಸಿ 48 ಗಂಟೆಯ ಗಡುವು ಕೊಟ್ಟಿತು. ಸರ್ಬಿಯಾ ಹೆಚ್ಚುಕಮ್ಮಿ ಎಲ್ಲಕ್ಕೂ ತಲೆಯಾಡಿಸಿತು. ಆ ಉತ್ತರ ಓದಿದ ಕೈಸರನೇ, ಇನ್ನು ಯುದ್ಧಕ್ಕೆ ಕಾರಣವೇ ಇಲ್ಲ ಎಂದು ಬರೆದಿಟ್ಟ. ಅದೇ ದಿನ, ಜುಲೈ 28ರಂದು, ಆಸ್ಟ್ರಿಯಾ ಟೆಲಿಗ್ರಾಮಿನಲ್ಲಿ ಯುದ್ಧ ಸಾರಿತು.

ಸರ್ಬಿಯಾದ ಬೆನ್ನಿಗೆ ರಷ್ಯಾ, ರಷ್ಯಾದ ಬೆನ್ನಿಗೆ ಫ್ರಾನ್ಸ್ ಇದ್ದವು. ಆಮೇಲಿನದು ರೈಲಿನ ಕಥೆ. ಮೊದಲು ಫ್ರಾನ್ಸನ್ನು ಸುಮಾರು ಆರು ವಾರದಲ್ಲಿ ಮುಗಿಸಬೇಕು, ಆಮೇಲೆ ರಷ್ಯಾ ಕಡೆ ತಿರುಗಬೇಕು ಎಂಬುದು ಜರ್ಮನಿಯ ಲೆಕ್ಕ. ಯಾವ ರೈಲು ಯಾವ ಸೇತುವೆ ಎಷ್ಟು ಹೊತ್ತಿಗೆ ದಾಟಬೇಕು ಎಂಬುದು ಮೊದಲೇ ಬರೆದಾಗಿತ್ತು. ಆಗಸ್ಟ್ 1ರಂದು ಕೈಸರ್‌ಗೆ ಬ್ರಿಟನ್ನೂ ಫ್ರಾನ್ಸೂ ಸುಮ್ಮನಿರಬಹುದು ಎಂಬ ಆಸೆ ಹುಟ್ಟಿತು. ಹಾಗಾದರೆ ಎಲ್ಲ ಸೈನ್ಯವನ್ನೂ ಪೂರ್ವಕ್ಕೆ ತಿರುಗಿಸಿ ಅಂದ. ಆಗಲ್ಲ, ವರ್ಷಗಟ್ಟಲೆ ಕೂತು ಮಾಡಿದ ವೇಳಾಪಟ್ಟಿ ಎಂದ ದಂಡನಾಯಕ ಮೋಲ್ಟ್‌ಕೆ. ತಮಾಷೆ ಏನು ಗೊತ್ತಾ? ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದವನೇ ಯುದ್ಧ ಮುಗಿದ ಮೇಲೆ ಪುಸ್ತಕ ಬರೆದು, ತಿರುಗಿಸಬಹುದಿತ್ತು ಎಂದು ವಾದಿಸಿದ. ಆ ಹುಡುಗಿಗೆ ಇದನ್ನು ಹೇಳಿ. ಬೇಡ ಅನ್ನಬಹುದಾಗಿದ್ದವರು ಪ್ರತಿ ರಾಜಧಾನಿಯಲ್ಲೂ ಇದ್ದರು. ಇನ್ನೊಬ್ಬ ಹಿಂದೆ ಸರಿಯಲಿ ಎಂದು ಎಲ್ಲರೂ ಕಾದರು.

ಇನ್ನು ವರ್ಸೇಲ್ಸ್. 1919ರ ಜೂನ್ 28ರಂದು, ಸರಾಯೆವೊ ಕೊಲೆಗೆ ಸರಿಯಾಗಿ ಐದು ವರ್ಷ ತುಂಬಿದ ದಿನ ಸಹಿ ಬಿತ್ತು. ಜಾಗವೂ ಸುಮ್ನೆ ಆರಿಸಿದ್ದಲ್ಲ, ಪ್ಯಾರಿಸ್ ಹತ್ತಿರದ ವರ್ಸೇಲ್ಸ್ ಅರಮನೆಯ ಕನ್ನಡಿ ಹಾಲ್ ಅದು. 1871ರಲ್ಲಿ ಫ್ರಾನ್ಸನ್ನು ಸೋಲಿಸಿದ ಜರ್ಮನ್ನರು ತಮ್ಮ ಸಾಮ್ರಾಜ್ಯ ಘೋಷಿಸಿದ್ದು ಅದೇ ಹಾಲ್‌ನಲ್ಲಿ. ಆಗ ಫ್ರಾನ್ಸ್ ಮೇಲೆ 500 ಕೋಟಿ ಫ್ರಾಂಕ್ ದಂಡ ಹಾಕಿದ್ದರು, 1873ಕ್ಕೆ ಅದು ತೀರಿತ್ತು. 1921ರಲ್ಲಿ ಜರ್ಮನಿ ಮೇಲೆ ಬಿದ್ದದ್ದು 13,200 ಕೋಟಿ ಚಿನ್ನದ ಮಾರ್ಕ್. ಭಾರೀ ಮೊತ್ತವೇ. ಅದರಲ್ಲಿ ದೊಡ್ಡ ಪಾಲು ವಸೂಲಾಗುವುದಿಲ್ಲ ಎಂದು ಬರೆದವರಿಗೂ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಜರ್ಮನಿಯ ದುಡ್ಡು ನೆಲ ಕಚ್ಚಿತು: 1923ರ ನವೆಂಬರಿನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಅಷ್ಟಾದರೂ 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ. ಒಪ್ಪಂದವಾಗಿ ಒಂಬತ್ತು ವರ್ಷ ಆಗಿತ್ತು, ಗಮನಿಸಿ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಜರ್ಮನಿಯಲ್ಲಿ ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. 1932ರ ಜುಲೈನಲ್ಲಿ ಅದೇ ಪಕ್ಷಕ್ಕೆ ಶೇ 37. ಹಾಗಾಗಿ ‘ವರ್ಸೇಲ್ಸ್’ ಅಂತ ಮಾತ್ರ ಬರೆದವರಿಗೆ ಅರ್ಧ ಅಂಕ ಸಾಕು. ಜಾಸ್ತಿ ಕೊಡಬೇಡಿ.

ಮಕ್ಕಳಿಗೆ ಇದೆಲ್ಲ ದೂರದ ಕಥೆ ಅನ್ನಿಸಬಹುದು. ಆ ಯುದ್ಧದಲ್ಲಿ ಭಾರತದ ಸುಮಾರು 74,000 ಸೈನಿಕರು ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಪಡೆಯವರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ, ಕೆಳಗೆ ಕುದುರೆ. ಮೈಸೂರು ಪಡೆಯವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಶಾಲೆ ಪ್ರವಾಸಕ್ಕೆ ಬಂದಾಗ ವಿಧಾನಸೌಧ, ಲಾಲ್‌ಬಾಗ್ ನೋಡೇ ನೋಡುತ್ತೀರಿ. ಅಲ್ಲೊಂದು ಹತ್ತು ನಿಮಿಷ ಬಸ್ ನಿಲ್ಲಿಸಿ. ಆ ಹುಡುಗಿ ಇನ್ನೇನು ಕೇಳುತ್ತಾಳೋ, ನನಗೊಂದು ಕಾಗದ ಹಾಕಿ.

— ಸಂಪಾದಕ