ಮುಂದೆ ಒಂದು ಬಗೆಯ, ಹಿಂದೆ ಇನ್ನೊಂದು ಬಗೆಯ ಟೈರ್ ಹಾಕಿದರೆ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಏಕೆ ಹಿಡಿತ ತಪ್ಪುತ್ತದೆ?

ಮುಂದಿನ ಮತ್ತು ಹಿಂದಿನ ಟೈರುಗಳ ಹಿಡಿತ ಒಂದಕ್ಕೊಂದು ಹೊಂದದಿದ್ದಾಗ, ತಿರುವಿನಲ್ಲಿ ದುರ್ಬಲ ಜೋಡಿ ಮೊದಲು ಜಾರುವುದೇ ಇದಕ್ಕೆ ಕಾರಣ. ಮುಂದಿನದು ಜಾರಿದರೆ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ಹೊರಕ್ಕೆ ಸಾಗುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ, ಮತ್ತು ಅದನ್ನು ಸಂಭಾಳಿಸುವುದು ಬಹಳ ಕಷ್ಟ. ಪುಣೆಯ ಕನ್ನಡಿಗರು ಮಳೆಗಾಲದಲ್ಲಿ ಮುಂಬಯಿಯತ್ತ ಖಂಡಾಲಾ ಘಾಟಿ ಇಳಿಯುವಾಗ ಇದು ಇನ್ನಷ್ಟು ಅಪಾಯಕಾರಿ: ಸವೆದ ಟೈರಿನ ಗೀರುಗಳು ನೀರನ್ನು ಸರಿಯಾಗಿ ಹೊರದೂಡಲಾರವು, ಅದರ ಮೇಲೆ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಹಿಡಿತ ಮತ್ತೂ ಕುಗ್ಗುತ್ತದೆ. ಆದ್ದರಿಂದ ಎರಡನ್ನೇ ಬದಲಿಸುವುದಾದರೆ ಹೊಸ ಜೋಡಿ ಹಿಂದಕ್ಕಿರಲಿ. ಪೋರ್ಷೆ 911ರಂತಹ ಕಾರುಗಳಲ್ಲಿ ಹಿಂದಿನ ಟೈರು ಅಗಲವಾಗಿರುವುದು ತಯಾರಕರ ಲೆಕ್ಕಾಚಾರವೇ ಹೊರತು ದೋಷವಲ್ಲ. ಅಲ್ಲಿ ಹಿಂದುಮುಂದು ಅದಲುಬದಲು ಮಾಡಲಾಗದು, ಹಾಗಾಗಿ ಅಗಲ ಬೇರೆಯಾದರೂ ನಾಲ್ಕನ್ನೂ ಒಂದೇ ಮಾದರಿಯಲ್ಲಿ ಕೊಳ್ಳುವುದು ಉತ್ತಮ.